ರೊಪ್ಪದಪ್ಪನ ಕಲ್ಲು ಎಲ್ಲಿತ್ತು

ಬಂದ್ರೆಹಟ್ಟಿ,
ಹೊಳಲ್ಕೆರೆ ತಾಲ್ಲೂಕು (ಹೊಸದುರ್ಗ ತಾಲ್ಲೂಕು ಎಂದು ನೀನು ಬರೆಸಿದ್ದರೂ)
12 ಫೆಬ್ರವರಿ 2025, ಬುಧವಾರ

ಗಿರೀಶಣ್ಣನಿಗೆ,

ನೀನು ಸುಳ್ಳು ಮಹಜರಿಗೆ ಸಹಿ ಹಾಕಿದ್ದೀಯ. ನಮ್ಮ ಕುರಿ ಮೇಯುವ ಕಾವಲಿನ ಗಡಿಕಲ್ಲು ಅನಾದಿ ಕಾಲದಿಂದ ಗುಡ್ಡದ ಮೇಲೆಯೇ ಇದೆ ಎಂದು ಸರ್ವೆಯವರು ಬರೆದ ಹಾಳೆಯ ಕೆಳಗೆ, ಸ್ಥಳೀಕರು ಎಂಬ ಕಡೆ, ನಿನ್ನ ಹೆಸರಿದೆ. ಇದನ್ನು ಮೊದಲ ಸಾಲಿನಲ್ಲೇ ಬರೆಯದಿದ್ದರೆ ಕೊನೆಯವರೆಗೂ ಬರೆಯಲಾರೆನೇನೋ ಎಂದು ಹೀಗೆ ಶುರುಮಾಡಿದೆ. ಈಗ ನಮಸ್ಕಾರ. ನಾವೆಲ್ಲ ಇದ್ದೇವೆ. ನೀನೂ ಹಿರಿಯೂರಿನಲ್ಲಿ ಆರೋಗ್ಯವಾಗಿದ್ದೀಯ ಎಂದುಕೊಂಡಿದ್ದೇನೆ.

ನಿನ್ನ ಮೆಸೇಜುಗಳಿಗೆ ಉತ್ತರ ಕೊಡದೆ ತಿಂಗಳಾಯಿತು. ಬೇಸರ ಮಾಡಿಕೊಳ್ಳಬೇಡ. ಹಟ್ಟಿಯಲ್ಲಿ ಸಿಗ್ನಲ್ ಇಲ್ಲ ಎಂದು ಸಬೂಬು ಹೇಳಬಹುದಿತ್ತು, ಆದರೆ ಗುಡ್ಡ ಹತ್ತಿದರೆ ಸಿಗುತ್ತದೆ ಎಂಬುದು ನಿನಗೂ ಗೊತ್ತು. ಹತ್ತಿದಾಗಲೆಲ್ಲ ಸಿಟ್ಟಿನಲ್ಲಿ ಬರೆದದ್ದನ್ನು ಅಳಿಸಿ ಹಾಗೇ ಇಳಿದು ಬಂದಿದ್ದೇನೆ. ಫೋನಿನಲ್ಲಾದರೆ ನಾನು ದನಿ ಎತ್ತಿದ ಕೂಡಲೇ "ಲೇ ಪುಸ್ತಿಕೆ ಪಂಡಿತೆ, ಆಮ್ಯಾಲೆ ಮಾತಾಡಾಣ" ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ. ಪಕ್ಕದ ಮನೆಯ ಚಂದ್ರು ನಾಳೆ ಟಗರು ಮಾರಲು ಹಿರಿಯೂರಿಗೆ ಬರುತ್ತಾನೆ, ನಿನ್ನ ಕೈಗೇ ಕೊಡಬೇಕೆಂದು ಹೇಳಿದ್ದೇನೆ. ನಿಮ್ಮ ಗಾಳಿ ವಿದ್ಯುತ್ ಕಂಪನಿಯ ಆಫೀಸಿನಲ್ಲಿ ನನಗೊಂದು ಕಂಪ್ಯೂಟರ್ ಕೆಲಸ ನೋಡಿದ್ದೀಯಂತೆ. ಬೇಡ. ಬಸ್‌ಸ್ಟ್ಯಾಂಡಿನ ಪುಸ್ತಿಕೆ ಓದಿ ತಲೆ ಕೆಟ್ಟವಳು ಎಂದೇ ಹೇಳಿಕೋ. ಆ ಪುಸ್ತಿಕೆಗಳಲ್ಲಿ ಒಂದು ಮಾತು ಓದಿದ್ದೆ: ನೆಲವನ್ನು ಕಿತ್ತುಕೊಳ್ಳುವವನು ಮೊದಲು ಅದಕ್ಕೆ ಪಾಳು ಎಂದು ಹೆಸರಿಡುತ್ತಾನೆ. ಓದಿದಾಗ ಅರ್ಥವಾಗಿರಲಿಲ್ಲ. ಅರ್ಥ ಮಾಡಿಸಿದವನು ನೀನು.

ನೀನು ನಕ್ಷೆ ನೋಡುವವನು, ನಾನು ನಡೆಯುವವಳು. ಹೊಳಲ್ಕೆರೆ ಕಡೆಯ ಡಾಂಬರು ಹುಣಸೆಮರದ ಹತ್ತಿರ ನಿಲ್ಲುತ್ತದೆ. ಹೊಸದುರ್ಗ ಕಡೆಯ ಡಾಂಬರು ಹಳ್ಳದ ಆಚೆ ದಡದಲ್ಲಿ ನಿಲ್ಲುತ್ತದೆ. ನಡುವೆ ನಾವು, ನಮ್ಮ ಕಾವಲು, ನಮ್ಮ ಕಟ್ಟೆ. ಕೈಪಂಪು ಕೆಟ್ಟಾಗ ಈ ಕಡೆಯ ಇಂಜಿನಿಯರು ಅದು ಆ ಕಡೆಯವರ ಬೋರು ಎಂದ. ಆ ಕಡೆಯವನು "ಓಟು ಎಲ್ಲಿ ಹಾಕ್ತೀರೋ ಅಲ್ಲೇ ಹೋಗಿ ಕೇಳ್ರಿ" ಎಂದ. ಹಳ್ಳದ ಮೋರಿಗೆ ಎರಡು ಗೋಡೆ ಎದ್ದಿವೆ, ಮೇಲಿನ ಚಪ್ಪಡಿ ಯಾರು ಹಾಕಬೇಕೆಂದು ಇನ್ನೂ ತೀರ್ಮಾನವಾಗಿಲ್ಲ, ಸದ್ಯಕ್ಕೆ ಮೇಕೆಗಳು ಹತ್ತಿ ಕುಣಿಯುತ್ತವೆ. ಸುಮಿತ್ರಕ್ಕನಿಗೆ ಹೆರಿಗೆ ನೋವು ಬಂದ ದಿನ ಆಂಬುಲೆನ್ಸು ಹುಣಸೆಮರದವರೆಗೆ ಬಂದು ಹಾರನ್ ಹೊಡೆಯುತ್ತ ನಿಂತಿತ್ತು. ಮಗು ದಾಸಣ್ಣನ ಟ್ರ್ಯಾಕ್ಟರಿನಲ್ಲಿ ಹುಟ್ಟಿತು. ಅದು ಯಾವ ತಾಲ್ಲೂಕಿನ ಮಗು ಎಂದು ಬರೆಸಲು ಅದರಪ್ಪ ಇವತ್ತಿಗೂ ಅಲೆಯುತ್ತಿದ್ದಾನೆ.

ಇಂಥ ಯಾರಿಗೂ ಬೇಡದ ನೆಲಕ್ಕೆ ನಿಮ್ಮ ಕಂಪನಿಯವರು ಬಂದರು, ಕಂಬ ನೆಟ್ಟು ಗಾಳಿ ಅಳೆದರು. ಗಾಳಿ ಚೆನ್ನಾಗಿದೆ ಎಂದು ಗೊತ್ತಾದದ್ದೇ ತಡ, ಎರಡೂ ಕಡೆಯವರಿಗೆ ನಾವು ಬೇಕಾದೆವು. ಈ ಹೊಳಲ್ಕೆರೆ ಕಡೆಯ ಕಾಗದದಲ್ಲಿ ನಮ್ಮ ಕಾವಲು ಗೋಮಾಳ, ಕುರಿ ದನ ಮೇಯಲು ಬಿಟ್ಟದ್ದು, ಹಟ್ಟಿಯವರನ್ನು ಕೇಳದೆ ಮುಟ್ಟುವಂತಿಲ್ಲ. ಆ ಹೊಸದುರ್ಗ ಕಡೆಯ ಕಾಗದದಲ್ಲಿ ಸರ್ಕಾರಿ ಪಾಳು, ಗುತ್ತಿಗೆಗೆ ಕೊಡಬಹುದು. ಎರಡು ನಕ್ಷೆಗಳನ್ನು ಕೂಡಿಸಿಟ್ಟರೆ ಗೆರೆ ಗೆರೆಗೆ ಸೇರುವುದಿಲ್ಲ. ಹಾಗಾಗಿ ಗಡಿಕಲ್ಲು ಎಲ್ಲಿದೆಯೋ ಅದೇ ಗಡಿ ಎಂದು ತೀರ್ಮಾನಿಸಿದರು.

ಪಾಳಂತೆ! ಆ ಹುಲ್ಲು ತಿಂದು ನಮ್ಮ ಕುರಿ ಬದುಕುತ್ತವೆ. ಬೇಸಿಗೆಯಲ್ಲಿ ಅಪ್ಪ ಬಾಗೂರಿನ ಕಡೆ ಹೊಲಗಳಲ್ಲಿ ರಾತ್ರಿ ಕುರಿ ಕೂಡಿ ತರುಬುತ್ತಾನೆ, ಗೊಬ್ಬರ ಅವರಿಗೆ, ರಾಗಿ ನಮಗೆ. ನಿನ್ನ ಡಿಪ್ಲೊಮಾದ ಫೀಜು ಅದೇ ಪಾಳುಭೂಮಿಯಲ್ಲಿ ಮೇದು ಬಂದದ್ದು.

ಈಗ ಕಲ್ಲಿನ ವಿಷಯ. ಹೊಸಬರಿಗೆ ಹೇಳುವಂತೆ ಹೇಳುತ್ತೇನೆ, ಏಕೆಂದರೆ ನೀನು ಹೊಸಬನಂತೆ ಸಹಿ ಹಾಕಿದ್ದೀಯ. ಆ ಕಲ್ಲು ಕಟ್ಟೆಯ ಏರಿಯ ಕೆಳಗಿತ್ತು. ಅದು ಸರ್ಕಾರದ ಗಡಿಕಲ್ಲು ಎಂದು ನಮ್ಮ ಹಿರಿಯರಿಗೆ ಯಾರೂ ಹೇಳಿರಲಿಲ್ಲ. ಅದರ ಪಕ್ಕದಲ್ಲೇ ಕುರಿ ಕೂಡುವ ರೊಪ್ಪ ಹಾಕಿದರು, ನೆಟ್ಟಗೆ ನಿಂತಿದ್ದ ಕಲ್ಲಿಗೆ ಅರಿಶಿನ ಹಚ್ಚಿದರು, ಅದು ರೊಪ್ಪದಪ್ಪನಾಯಿತು. ನಾನು ಎರಡು ವರ್ಷದವಳಿದ್ದಾಗ ನೀಲಿನಾಲಿಗೆ ಬೇನೆ ಬಂದು ಕುರಿ ರಾಶಿರಾಶಿ ಸತ್ತವು. ಬೇನೆ ಬಂದ ಜಾಗ ಬಿಟ್ಟು ರೊಪ್ಪ ಎತ್ತಬೇಕು, ರೊಪ್ಪ ಎತ್ತಿದರೆ ದೇವರನ್ನೂ ಎತ್ತಬೇಕು. ಇದು ನಮ್ಮ ಪದ್ಧತಿ. ನಮ್ಮಜ್ಜ ಉಗ್ರಪ್ಪ ಮತ್ತು ಅವನ ತಮ್ಮ ಕಲ್ಲನ್ನು ಅಗೆದು, ಕಂಬಳಿಯಲ್ಲಿ ಸುತ್ತಿ, ಗಾಡಿಯ ಮೇಲೆ ಬಡಗಲ ಗುಡ್ಡಕ್ಕೆ ಒಯ್ದರು. ಗಾಡಿಯ ಮುಂದೆ ಗಂಟೆ ಬಾರಿಸುತ್ತ ನಡೆದವನು ನೀನು. ಅಪ್ಪನೂ ಹಟ್ಟಿಯ ಉಳಿದ ಗಂಡಸರೂ ಆಗ ಬೇರೆ ಹಿಂಡುಗಳ ಜೊತೆ ದೂರದಲ್ಲಿದ್ದರು. ದೇವರು ಎತ್ತುವಾಗ ಹೆಂಗಸರು ಕಣ್ಣು ಹಾಕುವಂತಿಲ್ಲ ಎಂದು ಅಜ್ಜಿಯನ್ನೂ ಅವ್ವನನ್ನೂ ಒಳಗೆ ಕೂರಿಸಿದ್ದರು. (ಈ ನೇಮದ ಮೇಲೂ ನನಗೆ ಸಿಟ್ಟಿದೆ. ಹೆಂಗಸರು ನೋಡಿದ್ದರೆ ಇವತ್ತು ಹಟ್ಟಿಯ ತುಂಬ ಸಾಕ್ಷಿ ಇರುತ್ತಿತ್ತು.) ಅಜ್ಜನ ತಮ್ಮ ತೀರಿಹೋದ. ಕಂಡವರಲ್ಲಿ ಉಳಿದವರು ಅಜ್ಜ ಮತ್ತು ನೀನು.

ಕಲ್ಲು ಗುಡ್ಡದ ಮೇಲಿದ್ದರೆ ಕಟ್ಟೆ, ಹುಲ್ಲು, ಹಳೇ ರೊಪ್ಪ ಎಲ್ಲವೂ ಆ ಕಡೆಯ ಪಾಳಿನ ಲೆಕ್ಕ. ಇದು ಗೊತ್ತಿದ್ದೇ ನೀನು ಸರ್ವೆಯವರನ್ನು ನೇರ ಗುಡ್ಡಕ್ಕೆ ಹತ್ತಿಸಿದೆ. ಆ ದಿನ ಅಜ್ಜಿ ಹುಚ್ಚಕ್ಕ ಅವರಿಗೆಲ್ಲ ಮಜ್ಜಿಗೆ ಕೊಟ್ಟಳು. "ನಮ್ ಗಿರೀಶ ಸರ್ಕಾರದೋರ್ ಜೊತೆ ಬಂದವ್ನೆ ನೋಡ್ರೇ" ಎಂದು ಬೀಗಿದಳು.

ನಿನ್ನ ಮಾತನ್ನೂ ನಾನು ಮರೆತಿಲ್ಲ. "ಹುಲ್ಲು ನೋಡ್ಕಂಡ್ ಕುಂತ್ರೆ ರೋಡು ಬರ್ತೈತೇನೇ? ಕಂಪ್ನಿ ಬಂದ್ರೆ ಎರಡೂ ಡಾಂಬರು ಕೂಡ್ತವೆ" ಎಂದಿದ್ದೆ. ಒಪ್ಪುತ್ತೇನೆ, ರಸ್ತೆ ನನಗೂ ಬೇಕು. ಸುಮಿತ್ರಕ್ಕನನ್ನು ಟ್ರ್ಯಾಕ್ಟರಿಗೆ ಹತ್ತಿಸಿದ ಕೈ ನನ್ನದು. ಆದರೆ ರಸ್ತೆ ಕೊಡಬೇಕಾದದ್ದು ನಾವು ಮನುಷ್ಯರು ಎಂಬ ಕಾರಣಕ್ಕೆ. ಹುಲ್ಲು ಬಿಟ್ಟುಕೊಟ್ಟರೆ ರಸ್ತೆ ಎನ್ನುವುದಾದರೆ ಅದು ವ್ಯಾಪಾರ, ಆ ವ್ಯಾಪಾರ ಮಾಡಲು ನಿನ್ನನ್ನು ಯಾರೂ ಕಳಿಸಿರಲಿಲ್ಲ.

ನಾನು ತಕರಾರು ಅರ್ಜಿ ಹಾಕಿದೆ. ಉಪವಿಭಾಗಾಧಿಕಾರಿ ಸ್ಥಳಕ್ಕೇ ಬಂದು ವಿಚಾರಣೆ ಮಾಡುವುದಾಗಿ ಹೇಳಿದರು. ಅಷ್ಟರಲ್ಲಿ ಹೋದ ಶುಕ್ರವಾರ ನಡೆದದ್ದು ಕೇಳು. ನಾನು ಜೆರಾಕ್ಸ್ ಮಾಡಿಸಲು ಹೊಳಲ್ಕೆರೆಗೆ ಹೋಗಿದ್ದೆ. ತಾನು ಎತ್ತಿಟ್ಟ ಕಲ್ಲಿನಿಂದ ಹಟ್ಟಿಗೆ ಕೇಡಾಯಿತು ಎಂದು ಅಜ್ಜನ ತಲೆಗೆ ಹೊಕ್ಕಿತ್ತು. ಕೇಡಿಗೆ ಅವನು ಕಂಡುಕೊಂಡ ಪರಿಹಾರವೆಂದರೆ ರೊಪ್ಪದಪ್ಪನನ್ನು ಹಳೇ ಜಾಗಕ್ಕೆ ಮರಳಿಸುವುದು. ಮಟಮಟ ಮಧ್ಯಾಹ್ನ! ದಾಸಣ್ಣನ ಟ್ರ್ಯಾಕ್ಟರು, ಮುಂದೆ ಉರುಮೆ, ಹೂವು, ಕಾಯಿ. ನಾನು ಬರುವಷ್ಟರಲ್ಲಿ ಮೆರವಣಿಗೆ ಗುಡ್ಡದ ಬುಡಕ್ಕೆ ಇಳಿದಿತ್ತು, ಕಂಪನಿಯ ವಾಚ್‌ಮನ್ ಕರೆಸಿದ್ದ ಪೊಲೀಸ್ ಜೀಪು ಎದುರಿಗೆ ನಿಂತಿತ್ತು.

"ಏನಜ್ಜ, ಸರ್ಕಾರದ ಕಲ್ಲು ಕದಿಯಾಕೆ ಉರುಮೆ ಬ್ಯಾರೆ ತಂದೀಯಾ?" ಎಂದ ಜಮೇದಾರ.

"ಉರುಮೆ ಬಡ್ಕಂಡು ಯಾವನಪ್ಪ ಕದೀತಾನೆ?" ಎಂದ ಅಜ್ಜ. "ನಮ್ಮಪ್ಪನ್ನ ಮನೀಗ್ ಕರ್ಕಂಡ್ ಹೊಂಟೀನಿ. ದಾರಿ ಬಿಡ್ರಿ, ಹೊತ್ತಾಗ್ತೈತೆ."

"ಇದು ಬಾಂದು ಕಲ್ಲು ಕಣಜ್ಜ."

"ಇರ್ಬೋದು. ಅರಿಶ್ಣ ಹಚ್ದಾಗ ಅದೂ ಬ್ಯಾಡ ಅನ್ಲಿಲ್ಲ, ನೀವೂ ಬ್ಯಾಡ ಅನ್ಲಿಲ್ಲ."

ಉರುಮೆಯವನು ನಕ್ಕ. ಜಮೇದಾರನೂ ನಕ್ಕ. ನಕ್ಕವನೇ ಅಜ್ಜನನ್ನು ಜೀಪಿಗೆ ಹತ್ತಿಸಿದ. ಸರ್ವೆ ಕಲ್ಲು ಕಿತ್ತ ಕೇಸು. ಸಂಜೆಗೆ ಬಿಟ್ಟು ಕಳಿಸಿದರು, ಕೇಸು ಬಿಡಲಿಲ್ಲ. ಕಲ್ಲು ಈಗ ಸ್ಟೇಷನ್ನಿನ ಬೇವಿನ ಮರದ ಕೆಳಗೆ ಹೂವಿನ ಸಮೇತ ಬಿದ್ದಿದೆ, ಹೋಗಿ ಬರುವ ಪೊಲೀಸರು ಅದಕ್ಕೆ ಕೈ ಮುಗಿಯುತ್ತಾರೆ. ನಿಮ್ಮ ವಕೀಲರಂತೂ ಹಬ್ಬ ಮಾಡುತ್ತಿರಬೇಕು: ನೋಡಿ ಸ್ವಾಮಿ, ಹಟ್ಟಿಯವರು ಗಡಿಯನ್ನೇ ಕಿತ್ತರು, ಇನ್ನು ಇವರ ಮಾತು ನಂಬುವುದೆಂತು?

ಆಮೇಲೆ ಉಪವಿಭಾಗಾಧಿಕಾರಿ ನನಗೆ ನೇರವಾಗಿ ಹೇಳಿದರು: "ನಿಮ್ಮಜ್ಜ ಈಗ ಆರೋಪಿ, ಅವರೊಬ್ಬರ ಮಾತು ಸಾಲದಮ್ಮ. ಆವತ್ತು ಕಟ್ಟೆಯ ಹತ್ತಿರದಿಂದ ಕಲ್ಲು ಎತ್ತಿದ್ದನ್ನು ಕಣ್ಣಾರೆ ಕಂಡ ಇನ್ನೊಬ್ಬರನ್ನು ನಿಲ್ಲಿಸಿ." ಆ ಇನ್ನೊಬ್ಬ ನೀನು. ನೀನು ಬಂದು, ಹಳೇ ಜಾಗದಲ್ಲಿ ನಿಂತು, ಇಲ್ಲಿತ್ತು ಎಂದು ಕೈ ತೋರಿಸಿದರೆ ಕಾವಲು ಉಳಿಯುತ್ತದೆ. ಬಾರದಿದ್ದರೆ ಬರುವ ತಿಂಗಳು ಬೇಲಿ. ಕುರಿ ಮಾರಿ ಅಪ್ಪ ನಿಮ್ಮ ಗೇಟಿನಲ್ಲಿ ಟೋಪಿ ಹಾಕಿಕೊಂಡು ನಿಲ್ಲುತ್ತಾನೆ, ನಿನಗೇ ಸೆಲ್ಯೂಟ್ ಹೊಡೆಯುತ್ತಾನೆ.

ಸತ್ಯ ಹೇಳಿದರೆ ನಿನ್ನ ಕೆಲಸ ಹೋಗುತ್ತದೆ ಎಂದು ಬಲ್ಲೆ. ಹೋಗುವುದಿಲ್ಲ ಎಂದು ಸುಳ್ಳು ಹೇಳಲಾರೆ. ನನ್ನ ಯಾವ ಪುಸ್ತಿಕೆಯಲ್ಲೂ ಅದಕ್ಕೆ ಪರಿಹಾರ ಬರೆದಿಲ್ಲ.

ಅಜ್ಜಿ ಪಕ್ಕದಲ್ಲೇ ಕೂತಿದ್ದಾಳೆ. ಏನು ಬರೆದೆ ಎಂದು ಕೇಳಿದಳು, ಓದಿ ಹೇಳಲಿಲ್ಲ. "ನನ್ ಕೂಸು ಹೊತ್ ಹೊತ್ತಿಗೆ ಉಣ್ಲಿ, ನೂರ್ ಕಾಲ ತಣ್ಣಗಿರ್ಲಿ ಅಂತ ಬರಿ" ಎಂದಳು. ಬರೆದಿದ್ದೇನೆ. ಅವ್ವ ತುಪ್ಪ ಕಳಿಸಿದ್ದಾಳೆ. ಅವರ ಪ್ರೀತಿಯನ್ನು ತಡೆಯುವ ಹಕ್ಕು ನನಗಿಲ್ಲ.

ನಿನ್ನ ತಂಗಿ,
ಮಾನಸ

ತಾ.ಕ.: ಮರೆತಿದ್ದೆ ಎಂದು ಬರೆಯುವುದು ವಾಡಿಕೆ. ನಾನು ಮರೆತಿರಲಿಲ್ಲ, ಬರೆಯಲು ಧೈರ್ಯವಿರಲಿಲ್ಲ. ಶುಕ್ರವಾರ ಸ್ಟೇಷನ್ನಿನಲ್ಲಿ ನಾನು ಅಜ್ಜನ ಪಕ್ಕದಲ್ಲೇ ಇದ್ದೆ. ಹಿಂದೆ ಬೇನೆ ಬಂದಾಗ ಕಲ್ಲು ಎತ್ತಿದ್ದು ನಿಜವೇ ಆದರೆ ಜೊತೆಗೆ ಯಾರಿದ್ದರು, ಮೊಮ್ಮಗ ಗಿರೀಶ ಇದ್ದನೇ ಎಂದು ಇನ್ಸ್‌ಪೆಕ್ಟರು ಕೇಳಿದರು. ಅಜ್ಜ ಹೆಗಲ ಮೇಲಿನ ಕಂಬಳಿ ಮುಟ್ಟಿ ಆಣೆ ಮಾಡಿ ಹೇಳಿದ: "ಇಲ್ಲ ಸ್ವಾಮಿ. ಅವ್ನು ಆವಾಗ ತಾಳ್ಯದಾಗೆ ಅವರತ್ತೆ ಮನೇಲಿದ್ದ. ಆ ಹುಡುಗಂಗೆ ಏನೂ ಗೊತ್ತಿಲ್ಲ."

ಕಂಬಳಿ ಮುಟ್ಟಿ ಸುಳ್ಳು, ಅಣ್ಣ. ಕಂಬಳಿ ಮೇಲೆ ಅವನಾಡಿದ ಮಾತಿಗೆ ಎರಡು ತಾಲ್ಲೂಕಿನ ಕುರಿಗಾಹಿಗಳು ಕುರಿ ಕೊಟ್ಟು ಕುರಿ ತೆಗೆದುಕೊಂಡಿದ್ದಾರೆ. ಯಾಕಜ್ಜ ಎಂದು ದಾರಿಯಲ್ಲಿ ಕೇಳಿದೆ. "ಅವ್ನಿದ್ದ ಅಂದ್ರೆ ಗೊತ್ತಿದ್ದೂ ಸುಳ್ ಬರ್ಕೊಟ್ಟಂಗಾಗ್ತೈತೆ. ಜೈಲಿಗ್ ಹಾಕ್ತಾರೆ ಕಣವ್ವ. ನಂದೇನೈತೆ, ನಾನು ಮುದುಕ" ಎಂದ. ಮನೆಗೆ ಬಂದವನೇ ಕಂಬಳಿ ತೆಗೆದು ಬೇಲಿಯ ಮೇಲೆ ಹಾಕಿದ. ಅಜ್ಜಿ ಹೊದಿಸಲು ಹೋದರೆ ನೂಕುತ್ತಾನೆ. ಬೆಳಗಿನ ಈ ಚಳಿಯಲ್ಲಿ ಬರಿಮೈಯಲ್ಲಿ ಜಗಲಿಯ ಮೇಲೆ ಕೂತಿರುತ್ತಾನೆ, ನಡುಗುತ್ತಾನೆ. ನಿನ್ನನ್ನು ಬೈದರೆ ನನ್ನನ್ನೇ ಹೊಡೆಯಲು ಬರುತ್ತಾನೆ.

ನೀನು ನಿಜ ಹೇಳಿದರೆ ಅಜ್ಜನ ಸುಳ್ಳು ಹೊರಬೀಳುತ್ತದೆ, ಹಟ್ಟಿಯವರೆಲ್ಲರ ಎದುರಿಗೆ. ಅದನ್ನೂ ಯೋಚಿಸಿದ್ದೇನೆ, ಮೂರು ದಿನ ಯೋಚಿಸಿದ್ದೇನೆ. ಬೀಳಲಿ. ಅದು ನಿನ್ನ ಸುಳ್ಳು, ನಿನಗಾಗಿ ಅವನು ಹೊತ್ತುಕೊಂಡಿದ್ದಾನೆ. ಬಂದು ಇಳಿಸಿಕೋ.

ವಿಚಾರಣೆ ಹತ್ತು ಗಂಟೆಗೆ. ಅದಕ್ಕೂ ಮೊದಲು ನೀನು ಅಜ್ಜನೊಬ್ಬನ ಮುಂದೆ ನಿಲ್ಲಬೇಕು. ಫೆಬ್ರವರಿ 17, ಸೋಮವಾರ, ಬೆಳಿಗ್ಗೆ ಒಂಬತ್ತಕ್ಕೆ, ಕಟ್ಟೆಯ ಏರಿಯ ಕೆಳಗೆ.