ಪಾಸಾದ ದಿನ

ಮಾರ್ಚ್ ೧೪, ಗುರುವಾರ

ನಾನು ಪಾಸಾದೆ, ದೊಡ್ಡಣ್ಣ ಫೇಲಾದರು. ಬೆಳಗಿನಿಂದ ಇದೊಂದೇ ತಲೆ ಕೊರೆಯುತ್ತಿದೆ.

ನಮ್ಮ ಆಸ್ಪತ್ರೆಯ ಆಂಬುಲೆನ್ಸಿನಲ್ಲಿ ಹತ್ತೊಂಬತ್ತು ವರ್ಷ ರೋಗಿಯ ಪಕ್ಕ ಕೂತವರು ಅವರು. ಕುಲುಕುವ ಗಾಡಿಯಲ್ಲಿ ಸೂಜಿ ಹಾಕಲು ನರ ಹುಡುಕುವುದನ್ನು ನನಗೆ ಕೈಹಿಡಿದು ಕಲಿಸಿದವರೂ ಅವರೇ. ಈಗ ಸರ್ಟಿಫಿಕೇಟ್ ಇಲ್ಲದವರು ರೋಗಿಯನ್ನು ಮುಟ್ಟುವಂತಿಲ್ಲ. ಅದಕ್ಕೇ ಇಬ್ಬರೂ ವರ್ಷವಿಡೀ ಭಾನುವಾರದ ತರಗತಿಗೆ ಹೋದೆವು. ಪ್ರಾಕ್ಟಿಕಲ್‌ನಲ್ಲಿ ಅವರೇ ಮೊದಲು. ಬರೆಯಲು ಕೂತರೆ ಮಾತ್ರ ಪೆನ್ನು ಮುಂದಕ್ಕೆ ಸಾಗುತ್ತಿರಲಿಲ್ಲ. ಇವತ್ತಿನಿಂದ ಅವರು ಬರೀ ಡ್ರೈವರ್.

"ಇನ್ನೊಂದ್ಸಲ ಕಟ್ಟಿ ಅಣ್ಣಾ, ನಾನು ಹೇಳ್ಕೊಡ್ತೀನಿ," ಅಂದೆ.

"ಸಾಕು ಬಿಡಮ್ಮ. ಡ್ರೈವಿಂಗ್ ಲೈಸೆನ್ಸಾದ್ರೂ ಇದ್ಯಲ್ಲ ನನ್ಹತ್ರ," ಎಂದು ನಕ್ಕರು.

ಮಧ್ಯಾಹ್ನ ಮೆಟ್ಟಿಲಿಂದ ಬಿದ್ದ ಅಜ್ಜಿಯೊಬ್ಬರನ್ನು ಕರೆತರಲು ಹೋದೆವು. ದೊಡ್ಡಣ್ಣ ಅಭ್ಯಾಸಬಲದಿಂದ ಅಜ್ಜಿಯ ಜೊತೆಗೇ ಹಿಂದೆ ಹತ್ತಿಬಿಟ್ಟರು. ಅಜ್ಜಿ ಅವರ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಆಮೇಲೆ ದೊಡ್ಡಣ್ಣನಿಗೇ ನೆನಪಾಯಿತು. ಅಜ್ಜಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಆ ಕೈಯನ್ನು ನನ್ನ ಕೈಯಲ್ಲಿಟ್ಟರು.

"ಇವ್ರು ನೋಡ್ಕೋತಾರಜ್ಜಿ. ಓದಿದೋರು," ಅಂದರು.

ಆ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಈಗ ನಿದ್ದೆಯಾದರೂ ಬರುತ್ತಿತ್ತೇನೋ.