ಕೊನೆಯ ಅಕ್ಷರದ ಮೇಲಿನ ಸಾರು

ಕೂಡುಮನೆ, ಗದಗ
ಹೊಸ ಎಣಿಕೆಯ ೧೧೮ನೇ ವರ್ಷ, ಎರಡನೇ ಶ್ರಾವಣ, ಮೂವತ್ತಾರನೇ ದಿನ

ಅಡುಗೆ ಪಾಳಿಯ ಫಕೀರಪ್ಪಜ್ಜನವರಿಗೆ ನೀಲವ್ವನ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಅಂಚೆ ಹಿಂದಿನ ಕಾಲಕ್ಕೂ ಹೋಗುತ್ತದೆ. ನಾನು ಹುಟ್ಟಲು ಇನ್ನೂ ನೂರೈವತ್ತು ವರ್ಷಗಳಿವೆ. ನಿಮಗೀಗ ಮೂವತ್ತೈದು ದಾಟಿರಲಿಕ್ಕಿಲ್ಲ. ಆದರೂ ಅಜ್ಜಾ ಎನ್ನದೆ ನನಗೆ ಬೇರೆ ದಾರಿಯಿಲ್ಲ. ನಮ್ಮ ಲಿಪಿ ಬದಲಾಗಿದೆ. ನಿಮ್ಮ ಕಾಲದ ಅಕ್ಷರ ಕಲಿತವಳು ಈ ಮನೆಯಲ್ಲಿ ನಾನೊಬ್ಬಳೇ, ಅದೂ ಅರೆಬರೆ. ಒತ್ತಕ್ಷರ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನೀವು ನಾಲ್ಕು ಜನ ಚಟ ಬಿಡಲೆಂದು ಬಾಡಿಗೆ ಮನೆಯಲ್ಲಿ ಒಟ್ಟಿಗೆ ಬದುಕತೊಡಗಿದಿರಲ್ಲ, ಅದನ್ನೇ ನಾವು ಕೂಡುಮನೆ ಎನ್ನುತ್ತೇವೆ. ಸೆರೆಮನೆ ಎಂಬ ಪದ ಮಕ್ಕಳ ಆಟದಲ್ಲಷ್ಟೇ ಉಳಿದಿದೆ. ಇಲ್ಲಿ ಅರವತ್ತು ಜನರಿದ್ದೇವೆ: ಕದ್ದವರು, ಹೊಡೆದವರು, ಮಬ್ಬುಬಿಲ್ಲೆಗೆ ಬಿದ್ದವರು. ಮಬ್ಬುಬಿಲ್ಲೆ ಎಂದರೆ ಕಿವಿಯ ಹಿಂದೆ ಅಂಟಿಸಿಕೊಳ್ಳುವ ನಶೆ, ನಿಮ್ಮ ಬಾಟಲಿಯ ಮರಿಮಗ. ಕಾವಲುಗಾರರಿಲ್ಲ. ಹೊಸದಾಗಿ ಬಂದವರು ಪಾತ್ರೆ ತಿಕ್ಕುತ್ತಾರೆ, ಆಮೇಲೆ ರೊಟ್ಟಿ ಬಡಿಯುತ್ತಾರೆ, ಮನೆಯವರಿಗೆ ನಂಬಿಕೆ ಬಂದ ಮೇಲೆ ಹೆಬ್ಬಾಗಿಲಿನ ಕೀಲಿ ಹಿಡಿಯುತ್ತಾರೆ. ದಿನಾ ಬೆಳಿಗ್ಗೆ ಚಹಾಕ್ಕೆ ಮುಂಚೆ ‘ಬಿಚ್ಚುಮಾತು’ ನಡೆಯುತ್ತದೆ. ಎಲ್ಲರೂ ದುಂಡಗೆ ಕುಳಿತು ಹಿಂದಿನ ದಿನ ಹೇಳಿದ ಸುಳ್ಳನ್ನು ಒಪ್ಪಿಕೊಳ್ಳಬೇಕು. ಸುಳ್ಳೇ ಹೇಳಿಲ್ಲ ಎನ್ನುವವರನ್ನು ಯಾರೂ ನಂಬುವುದಿಲ್ಲ.

ನಾನು ನಶೆಯಲ್ಲಿ ಗಾಡಿ ಓಡಿಸಿ ಹೂ ಮಾರುವವಳೊಬ್ಬಳ ಕಾಲು ಮುರಿದು ಇಲ್ಲಿಗೆ ಬಂದವಳು. ಮೈ ಗಡಗಡ ನಡುಗುತ್ತಿದ್ದ ಮೊದಲ ಒಂಬತ್ತು ದಿನ ನನ್ನ ಪಕ್ಕದಲ್ಲಿ ಕುಳಿತು ಗಂಜಿ ಕುಡಿಸಿದವನು ಗೂಳಪ್ಪಣ್ಣ. ಅವನೂ ಇಲ್ಲಿ ಗುಣವಾದವನೇ. ಎರಡು ವರ್ಷದ ಹಿಂದೆ ಮಗಳ ಕೈ ಹಿಡಿದು ನಗುತ್ತಾ ಊರಿಗೆ ಹೋದ.

ಹೋದ ವಾರ ಮಧ್ಯಾಹ್ನ ಅವನು ಬಾಗಿಲ ಹೊರಗೆ ನಿಂತಿದ್ದ. ಕಿವಿಯ ಹಿಂದೆ ಬಿಲ್ಲೆಯ ಹಸಿ ಗುರುತಿತ್ತು. ಕೀಲಿ ನನ್ನ ಸೊಂಟದಲ್ಲಿತ್ತು.

“ನೀಲವ್ವಾ, ಮತ್ತ ಬಿದ್ದೀನಿ. ಬಾಗಲಾ ತಗೀ ಅನ್ನಾಕ ಬಾಯಿ ಬರವಲ್ದು” ಎಂದ.

ಕೂಡುಮನೆ ಒಳಗೆ ಸೇರಿಸದವರನ್ನು ಅಳಿಸುಮನೆಗೆ ಕಳಿಸುತ್ತಾರೆ. ಅಲ್ಲಿ ಚಟದ ಜೊತೆಗೆ ಹತ್ತು ವರ್ಷದ ನೆನಪನ್ನೂ ಅಳಿಸುತ್ತಾರೆ. ಗೂಳಪ್ಪಣ್ಣನ ಮಗಳಿಗೆ ಈಗ ಏಳು ವರ್ಷ. ಆದರೆ ಮತ್ತೆ ಚಟಕ್ಕೆ ಬಿದ್ದವರಿಗೆ ಬಾಗಿಲು ತೆರೆಯಬೇಡ ಎಂದು ಫಕೀರಪ್ಪಜ್ಜನ ನೋಟುಬುಕ್ಕಿನಲ್ಲಿದೆ ಎಂದು ಹಿರಿಯರು ಹೇಳುತ್ತಲೇ ಬಂದಿದ್ದರು. ಓದಿ ನೋಡೋಣ ಎಂದು ನಾನು ಹಟ ಹಿಡಿದೆ. ಅಂಗಳದಲ್ಲಿ ಎಲ್ಲರೂ ಸೇರಿದರು, ನೀವು ಒಲೆಯ ಪಕ್ಕ ಕುಳಿತು ಮನೆಯ ನಿಯಮ ಬರೆದಿಟ್ಟ ನೋಟುಬುಕ್ಕು ಗಾಜಿನ ಪೆಟ್ಟಿಗೆಯಿಂದ ಹೊರಗೆ ಬಂತು.

ನಿಮ್ಮ ಕೈಬರಹ ಕೋಳಿ ಕಾಲಿನಂತಿದೆ, ಬೇಸರಪಡಬೇಡಿ. ‘ಹೊರಗೆ ಹೋಗಿ ಮತ್ತೆ ಚಟಕ್ಕೆ ಬಿದ್ದು ಬಂದವರಿಗೆ ಬಾಗಿಲು ತೆರೆಯಬೇ’ ಎಂಬಲ್ಲಿಯವರೆಗೆ ಓದಿದೆ. ಕೊನೆಯ ಅಕ್ಷರದ ಮೇಲೆ ಸಾರು ಚೆಲ್ಲಿ ಮಸಿ ಕಲಸಿಹೋಗಿತ್ತು. ಅಲ್ಲಿರುವುದು ‘ಕು’ವೋ ‘ಡ’ವೋ ಬ್ರಹ್ಮನಿಗೂ ತಿಳಿಯದು. ಅರವತ್ತು ಜನ ನನ್ನ ಬಾಯನ್ನೇ ನೋಡುತ್ತಿದ್ದರು.

“ತೆರೆಯಬೇಕು” ಎಂದು ಗಟ್ಟಿಯಾಗಿ ಓದಿ, ಹೋಗಿ ಬಾಗಿಲು ತೆರೆದೆ.

ಮರುದಿನದ ಬಿಚ್ಚುಮಾತಿನಲ್ಲಿ ಅದನ್ನು ಹೇಳದೆ ಇರಲಾಗಲಿಲ್ಲ. ಅಕ್ಷರ ಕಾಣಲಿಲ್ಲ, ಸುಳ್ಳು ಓದಿದೆ ಎಂದೆ. ಮನೆ ಕೆಂಡಾಮಂಡಲವಾಯಿತು. ಅವನನ್ನು ಹೊರಗೆ ಹಾಕಬೇಕೆಂದು ಕೆಲವರು ಕೂಗಿದರು. ಆಗ ನಮ್ಮಲ್ಲೇ ಹಿರಿಯಳಾದ ಕಲ್ಲವ್ವ, “ಒಳಗ ಬಂದಾನ, ಉಣ್ಣಾಕ ಕುಂತಾನ. ಈಗ ಎಬ್ಬಸೋರು ಯಾರು, ಏಳ್ರಿ ನೋಡೂಣು” ಎಂದಳು. ಯಾರೂ ಏಳಲಿಲ್ಲ. ಕೀಲಿ ಮಾತ್ರ ನನ್ನ ಕೈತಪ್ಪಿತು. ಈಗ ನಾನು ಪಾತ್ರೆ ತಿಕ್ಕುತ್ತೇನೆ, ಗೂಳಪ್ಪಣ್ಣ ತೊಳೆಯುತ್ತಾನೆ. ಅವನ ಕೈ ಇನ್ನೂ ನಡುಗುತ್ತದೆ. ನಿನ್ನೆ ಎರಡು ಗಾಜಿನ ಲೋಟ ಒಡೆದ. ಮತ್ತೆ ಬೀಳುವುದಿಲ್ಲ ಎಂದು ಅವನೂ ಮಾತು ಕೊಟ್ಟಿಲ್ಲ, ನಾನೂ ಕೇಳಿಲ್ಲ. ಆದರೂ ಅವನು ಪಕ್ಕದಲ್ಲಿದ್ದಾನೆ ಎಂದು ನನಗೆ ಸಂತೋಷವಾಗಿದೆ.

ಮುಂದೆ ಬಾಗಿಲಿಗೆ ಯಾರು ಬರುತ್ತಾರೋ, ಕೀಲಿ ಯಾರ ಕೈಯಲ್ಲಿರುತ್ತದೋ ಗೊತ್ತಿಲ್ಲ. ಅದಕ್ಕೇ ಈ ಪತ್ರ. ಅಜ್ಜಾ, ಆ ಸಾಲು ಬರೆದು ಮುಗಿಸಿದ ಮೇಲೆ ನೀವು ಸಾರಿನ ಸೌಟು ಎತ್ತುತ್ತೀರಿ. ನೀವು ಬರೆದದ್ದು ‘ಕು’ ಆಗಿದ್ದರೆ, ನೋಟುಬುಕ್ಕನ್ನು ದೂರ ಸರಿಸಿಡಿ. ನಮಗೆ ಅದು ಸ್ಪಷ್ಟವಾಗಿ ಕಾಣಲಿ. ‘ಡ’ ಆಗಿದ್ದರೆ, ನಿಮ್ಮ ಕಾಲಿಗೆ ಬೀಳುತ್ತೇನೆ, ಅದರ ಮೇಲೆ ಒಂದು ಸೌಟು ಚೆಲ್ಲಿಬಿಡಿ.

ಕಲೆ ನನ್ನ ಕಣ್ಣ ಮುಂದೆಯೇ ಇದೆ. ಅಂದರೆ ಈ ಪತ್ರ ನಿಮಗೆ ತಲುಪಿದೆ. ನೀವು ಬರೆದದ್ದೇನೆಂದು ತಿಳಿಯಿತು ಅಜ್ಜಾ. ಚೆಲ್ಲಿದ್ದಕ್ಕೆ ಗೂಳಪ್ಪಣ್ಣನ ಮಗಳು ನಿಮಗೆ ಋಣಿ.

ನಿಮ್ಮ
ನೀಲವ್ವ, ಪಾತ್ರೆ ಪಾಳಿ