ಆನೆಯ ಮಿದುಳಚ್ಚು

ನಾಗರಹೊಳೆ ಕಾಡಂಚು
ಫೆಬ್ರುವರಿ 9, 2396

ನನಗಿಂತ ಮೊದಲು ಬದುಕಿದವರೇ,

ತಾರೀಖು ನೋಡಿ ತಮಾಷೆ ಎಂದುಕೊಳ್ಳಬೇಡಿ. ನನ್ನ ಕನ್ನಡ ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ದೇಚಮ್ಮ, ಮಿದುಳಚ್ಚಿನ ಕೆಲಸದವಳು. ಅಳಿದುಹೋದ ಪ್ರಾಣಿಯ ತಲೆಬುರುಡೆಯ ಟೊಳ್ಳನ್ನು ಕಿರಣ ಹಾಯಿಸಿ ಅಳೆದು, ಅಲ್ಲಿದ್ದ ಮಿದುಳಿನ ಆಕಾರವನ್ನು ಮತ್ತೆ ಎರಕ ಹೊಯ್ಯುತ್ತೇನೆ. ಮಿದುಳು ಕೊಳೆತುಹೋಗುತ್ತದೆ, ಅದು ಒತ್ತಿದ ಗುರುತು ಮೂಳೆಯ ಒಳಗೋಡೆಯಲ್ಲಿ ಉಳಿದಿರುತ್ತದೆ.

ಕೊನೆಯ ಆನೆ ಸತ್ತು ನೂರೆಂಬತ್ತು ವರ್ಷವಾಯಿತು. ನೀವು ಮುದ್ರಿಸಿಟ್ಟ ಅವುಗಳ ದನಿಗಳು ನಿಮ್ಮ ಯಂತ್ರಗಳ ಜೊತೆಗೇ ಹಾಳಾದವು. ಮೂರು ವರ್ಷದ ಹಿಂದೆ ಕಬಿನಿ ಹಿನ್ನೀರಿನ ಹೂಳಿನಲ್ಲಿ ಒಂದು ಹೆಣ್ಣಾನೆಯ ಬುರುಡೆ ಸಿಕ್ಕಿತು. ಅದನ್ನು ತೊಳೆದು ಒಣಗಿಸಿದ್ದು ಬೊಮ್ಮಯ್ಯ. ಕಾಡಂಚಿನ ಈ ಸಂಶೋಧನಾ ಕೇಂದ್ರದಲ್ಲಿ ಇದ್ದವರು ನಾವಿಬ್ಬರೇ. ಅವರ ಹಿರಿಯರು ತಲೆತಲಾಂತರದಿಂದ ಮಾವುತರಾಗಿದ್ದವರು; ಬೊಮ್ಮಯ್ಯ ಮಾತ್ರ ಆನೆಯನ್ನು ಕಂಡವರಲ್ಲ.

ಅಚ್ಚಿನಲ್ಲಿ ದನಿ ಗುರುತಿಸುವ ಭಾಗ ನನ್ನ ಮುಷ್ಟಿಗಿಂತ ದೊಡ್ಡದಿತ್ತು. ಅದನ್ನೆಲ್ಲ ಅಳೆದ ಮೇಲೆ ಒಂದು ಕೂಗನ್ನು ಊಹಿಸಿ ತಯಾರಿಸಿ, ಹೆಮ್ಮೆಯಿಂದ ಕೇಳಿಸಿದೆ. ಬೊಮ್ಮಯ್ಯ ತಲೆಯಾಡಿಸಿದರು.

"ಇದಲ್ಲ ಕಣವ್ವ. ದೂರದವರನ್ನ ಕರೆಯೋವಾಗ ಅದರ ದನಿ ಕಿವಿಗೆ ಬೀಳ್ತಿರಲಿಲ್ಲವಂತೆ. ಎದೆಗೆ ಬಡೀತಿತ್ತಂತೆ."

ನನಗೆ ಸಿಟ್ಟು ಬಂತು. ಆದರೂ ಕಿವಿಯ ಮೂಳೆಯೊಳಗಿನ ಸುರುಳಿಯನ್ನು ಮತ್ತೆ ಅಳೆದೆ. ಅವರು ಹೇಳಿದ್ದೇ ಸರಿ. ನಮಗೆ ಕೇಳಿಸದಷ್ಟು ತಗ್ಗಿನ ದನಿಯನ್ನು ಅದು ಕೇಳುತ್ತಿತ್ತು.

ಹೊಸ ಕರೆ ಸಿದ್ಧವಾಗಲು ಏಳು ತಿಂಗಳು ಹಿಡಿಯಿತು. ಒಂದು ಬೆಳಗ್ಗೆ ದೊಡ್ಡ ಧ್ವನಿಪೆಟ್ಟಿಗೆಯನ್ನು ಹಿನ್ನೀರಿನ ದಡಕ್ಕೆ ಎಳೆದು ತಂದು ಹಚ್ಚಿದೆವು. ಏನೂ ಕೇಳಿಸಲಿಲ್ಲ. ಕಾಲಡಿಯ ಮರಳು ಮಾತ್ರ ನಡುಗಿತು. ಬೊಮ್ಮಯ್ಯ ಎದೆಯ ಮೇಲೆ ಕೈಯಿಟ್ಟುಕೊಂಡು ಅಲ್ಲೇ ಕುಳಿತರು.

"ಇದೇ ಇರಬೇಕು," ಎಂದರು. ಸ್ವಲ್ಪ ಹೊತ್ತಾದ ಮೇಲೆ, "ಯಾರೂ ಓಗೊಡಲ್ವಲ್ಲ," ಎಂದು ಮಗುವಿನಂತೆ ಅತ್ತರು. ಬಿಸಿಲೇರುವವರೆಗೂ ಕಾದೆವು.

ಅವರು ಹೋದ ಮಳೆಗಾಲದಲ್ಲಿ ತೀರಿಕೊಂಡರು. ಅವರ ಜಾಗಕ್ಕೆ ಯಾರನ್ನೂ ಕಳಿಸಿಲ್ಲ. ಒಬ್ಬಳೇ ಅಡುಗೆ ಮಾಡಿಕೊಂಡು, ಒಮ್ಮೊಮ್ಮೆ ಆ ಅಚ್ಚಿನ ಎದುರಿಗೇ ತಟ್ಟೆ ಇಟ್ಟುಕೊಂಡು ಉಣ್ಣುತ್ತೇನೆ. ಆ ಆನೆ ಎಷ್ಟು ದೂರದ ದನಿ ಕೇಳುತ್ತಿತ್ತೆಂದು ಹೇಳಬಲ್ಲೆ. ಕೇಳಿ ಏನೆಂದುಕೊಳ್ಳುತ್ತಿತ್ತೆಂದು ಯಾವ ಮೂಳೆಯೂ ಹೇಳುವುದಿಲ್ಲ.

ಆದ್ದರಿಂದ ನಿಮ್ಮಲ್ಲೊಂದು ಬೇಡಿಕೆ. ನಿಮ್ಮ ಕಾಡಿನಲ್ಲಿ ಅವು ಇನ್ನೂ ಇವೆ. ಮರಿ ತಪ್ಪಿಸಿಕೊಂಡಾಗ ತಾಯಿ ಹೇಗೆ ಕರೆಯುತ್ತದೆ, ಹುಲಿ ಕಂಡಾಗ ಹೇಗೆ, ಸುಮ್ಮನೆ ಮೇಯುವಾಗ ಹೇಗೆ ಎಂಬುದನ್ನು ಕೂತು ನೋಡಿ, ಕಾಗದದ ಮೇಲೆ ಬರೆದಿಡಿ. ಕಾಗದ ನಮ್ಮವರೆಗೂ ಉಳಿದು ಬಂದಿದೆ.

ಈಗಲೂ ದಿನಾ ಬೆಳಗ್ಗೆ ದಡಕ್ಕೆ ಹೋಗಿ ಆ ಕರೆಯನ್ನು ಹಚ್ಚುತ್ತೇನೆ. ಅದು "ಬಾ" ಎಂದೋ, "ಹತ್ತಿರ ಬರಬೇಡ" ಎಂದೋ, ನನಗೆ ಗೊತ್ತಿಲ್ಲ.

ದೇಚಮ್ಮ